ಜೀವನಾಂಶದ ಗೋಡೆ

ಲೋಕದಲ್ಲಿ ಜಗಳವಾಡುವ ಗಂಡ ಹೆಂಡಿರು ಬೇಕಾದಷ್ಟು ಇದ್ದಾರೆ. ಆದರೆ ಕತ್ತರಿ ಮತ್ತು ಮೇಸ್ತ್ರಿ ಆಡಿದ ಜಗಳದ ಮುಂದೆ ಅವರದೆಲ್ಲ ತೊಟ್ಟಿಲ ಕೂಸಿನ ಕೆಮ್ಮು. ಇವರಿಬ್ಬರು ಬಾಯಿ ತೆರೆದರೆ ಮೂರು ಮನೆ ಆಚೆಗಿನ ಒಲೆಯ ಮೇಲೆ ಹಾಲು ಒಡೆಯುತ್ತಿತ್ತು. ಕಾಗೆಗಳು ಆ ಬೀದಿಯನ್ನು ಬಿಟ್ಟು ಸುತ್ತು ಹಾಕಿಕೊಂಡು ಹಾರುತ್ತಿದ್ದವು. ಎದುರುಮನೆಯ ಕಿವುಡಜ್ಜ, ಹುಟ್ಟಿದಾಗಿನಿಂದ ಗುಡುಗನ್ನೂ ಕೇಳದವನು, ಕಿಟಕಿಯಿಂದ ತಲೆ ಹೊರಗೆ ಹಾಕಿ ಸ್ವಲ್ಪ ಮೆಲ್ಲಗೆ ಆಡ್ಕೊಳ್ರಪ್ಪ ಎನ್ನುತ್ತಿದ್ದ.

ಅವಳು ಬಟ್ಟೆ ಹೊಲಿಯುವವಳು. ಆಸ್ಪತ್ರೆಯವರ ಬಿಳಿ ಕೋಟು, ಶಾಲೆಯ ಸಮವಸ್ತ್ರ, ಹೋಟೆಲಿನವರ ಏಪ್ರನ್ನು, ಹೀಗೆ ಆ ಸುತ್ತಿನ ಬಟ್ಟೆ ಯಾವುದೇ ಇರಲಿ, ಒಮ್ಮೆಯಾದರೂ ಅವಳ ಮೇಜಿನ ಮೇಲೆ ಮಲಗಿ ಎದ್ದದ್ದೇ. ಕತ್ತರಿ ಎಂಬ ಅಡ್ಡಹೆಸರು ಕಸುಬಿನಿಂದ ಬಂತು ಎಂದು ಅವಳು ಹೇಳುತ್ತಿದ್ದಳು. ನಾಲಿಗೆಯಿಂದ ಬಂತು ಎಂದು ಬೀದಿ ಹೇಳುತ್ತಿತ್ತು. ಗಂಡ ಗಾರೆ ಕೆಲಸದ ಮೇಸ್ತ್ರಿ. ಅವನು ಕಟ್ಟಿದ ಗೋಡೆಯ ಮೇಲೆ ರಸಮಟ್ಟ ಇಟ್ಟರೆ ಒಳಗಿನ ಗುಳ್ಳೆ ಅಂಜಿಕೊಂಡು ನಡುಮಧ್ಯಕ್ಕೆ ಬಂದು ನಿಲ್ಲುತ್ತಿತ್ತು. ಸೂರ್ಯ ಬೇಕಾದರೆ ಸೊಟ್ಟಗೆ ಹುಟ್ಟಬಹುದು, ನನ್ನ ಗೋಡೆ ಸೊಟ್ಟ ಆಗಲ್ಲ ಎನ್ನುವುದು ಅವನ ನಿತ್ಯದ ಮಂತ್ರ.

ಯಾಕೆ ಬೇರೆಯಾದಿರಿ ಎಂದು ಕೇಳಿದರೆ ಅವನು ಒಂದು ಕಾರಣ ಹೇಳುತ್ತಿದ್ದ, ಅವಳು ನಲವತ್ತು. ಕೋರ್ಟಿನಲ್ಲಿ ನ್ಯಾಯಾಧೀಶರು ನಲವತ್ತೊಂದನ್ನೂ ಕೇಳಿ, ತಲೆ ಹಿಡಿದುಕೊಂಡು, ನೀವಿಬ್ಬರೂ ಬೇರೆ ಬೇರೆ ಇರಿ, ಅವನು ತಿಂಗಳು ತಿಂಗಳು ಇವಳಿಗೆ ಜೀವನಾಂಶ ಕೊಡಲಿ ಎಂದುಬಿಟ್ಟರು. ಬೇರೆ ಇರುವುದೇನೋ ಸರಿ. ಮನೆ ಬಿಡುವವರು ಯಾರು? ಜಾಗ ಕೊಂಡದ್ದು ಅವಳ ಸೂಜಿಯ ದುಡಿಮೆಯಲ್ಲಿ, ಮನೆ ಎದ್ದದ್ದು ಅವನ ಕೈಯಲ್ಲಿ. ಇಬ್ಬರೂ ಹೊಸಲಿಗೆ ಬೇರು ಬಿಟ್ಟು ಕೂತರು. ಕೊನೆಗೆ ಮೇಸ್ತ್ರಿಯೇ ದಾರಿ ಕಂಡುಹಿಡಿದ.

“ನಡುವೆ ಒಂದು ಗೋಡೆ ಎಬ್ಬಿಸಿದ್ರೆ ಎರಡು ಮನೆ ಆಯ್ತಲ್ಲ,” ಎಂದ.

“ಎಬ್ಬಿಸು. ಇಷ್ಟು ವರ್ಷಕ್ಕೆ ನೀನು ನನಗೋಸ್ಕರ ಮಾಡೋ ಒಂದೇ ಒಳ್ಳೇ ಕೆಲಸ,” ಎಂದಳು ಅವಳು.

ಎಬ್ಬಿಸಿದ. ಹಜಾರವನ್ನು ಹಲಸಿನ ಹಣ್ಣಿನಂತೆ ಎರಡು ಹೋಳು ಮಾಡಿದ. ಬೀದಿಯ ಕಡೆಗಿದ್ದ ಕಿಟಕಿಯೂ ಸೀಳಿಹೋಗಿ ಒಬ್ಬೊಬ್ಬರಿಗೆ ಒಂದೊಂದು ಬಾಗಿಲು ಬಂತು. ಅವಳ ಪಾಲಿಗೆ ಬಚ್ಚಲು ಇರಲಿಲ್ಲ, ಅದನ್ನೂ ಕಟ್ಟಿಕೊಟ್ಟ. ಆದರೆ ಅದರ ಬಾಗಿಲನ್ನು ಅವಳ ಎತ್ತರಕ್ಕಿಂತ ಮೂರು ಬೆರಳು ತಗ್ಗಿಸಿ ಇಟ್ಟ. ಕೋರ್ಟಿನಲ್ಲಿ ಬಗ್ಗದ ತಲೆ ದಿನಾ ಬೆಳಗ್ಗೆ ಅಲ್ಲಿ ಬಗ್ಗಲಿ ಎಂದು. ಅವಳೇನು ಕಡಿಮೆಯೇ? ಅವನಿಗೆ ಹೊಲಿದುಕೊಡಬೇಕಿದ್ದ ಕೊನೆಯ ಅಂಗಿಯ ಕತ್ತುಪಟ್ಟಿಯನ್ನು ಒಂದು ಬೆರಳು ಬಿಗಿ ಮಾಡಿ ಕಳಿಸಿದಳು. ಅದನ್ನು ಹಾಕಿಕೊಂಡ ದಿನವೆಲ್ಲ ಮೇಸ್ತ್ರಿ ಮಾತಾಡಿದರೆ ಗಿಳಿ ಕೂಗಿದ ಹಾಗೆ ಕೇಳುತ್ತಿತ್ತು.

ಗೋಡೆ ಎಬ್ಬಿಸುವವರಲ್ಲಿ ಒಂದು ಪದ್ಧತಿಯಿದೆ. ಇದ್ದ ಚಾವಣಿಯ ಕೆಳಗೆ ಹೊಸ ಗೋಡೆ ಕಟ್ಟಿದರೆ ಅವತ್ತೇ ಚಾವಣಿಗೆ ಮುಟ್ಟಿಸುವುದಿಲ್ಲ. ಮೇಲಿನ ಒಂದು ಸಾಲು ಇಟ್ಟಿಗೆಯ ಜಾಗ ಖಾಲಿ ಬಿಡುತ್ತಾರೆ. ಗಾರೆ ಒಣಗಿ, ಗೋಡೆ ತನ್ನ ಭಾರಕ್ಕೆ ತಾನು ಕೂತ ಮೇಲೆ ಆ ಸಾಲು ತುಂಬುತ್ತಾರೆ. ಮೇಸ್ತ್ರಿಯೂ ಬಿಟ್ಟ. ಗೋಡೆ ಕೂತಿತು. ಅವನು ಏಣಿ ಹತ್ತಿ ಎರಡು ತುದಿಗಳಿಂದಲೂ ತುಂಬಿಕೊಂಡು ಬಂದ. ನಡುವೆ ನಾಲ್ಕೈದು ಇಟ್ಟಿಗೆಯ ಜಾಗ ಉಳಿದಿರುವಾಗ ಆ ಕಡೆಯಿಂದ ಅವಳು ಒಂದು ಮಾತು ಅಂದಳು. ಇವನು ಕರಣೆ ಕೆಳಗಿಟ್ಟು ಉತ್ತರ ಕೊಟ್ಟ. ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿ, ಸಂದಿಯಲ್ಲಿ ಮುಖ ತೋರಿಸಿ, ಆ ಉತ್ತರಕ್ಕೆ ಉತ್ತರ ಕೊಟ್ಟಳು. ಬಾಂಡಲಿಯಲ್ಲಿ ಕಲಸಿದ್ದ ಗಾರೆ ಕಲ್ಲಾಯಿತು.

ಅದಾಗಿ ಮೂರು ವರ್ಷ. ಆ ಸಂದಿ ಹಾಗೇ ಇತ್ತು. ಬೆಳಗಾದರೆ ಇವನು ಏಣಿ ಹತ್ತುತ್ತಿದ್ದ, ಅವಳು ಮೇಜು ಹತ್ತುತ್ತಿದ್ದಳು. ಚಾವಣಿಯ ಕೆಳಗೆ, ಜೇಡಗಳ ಸಮಕ್ಷಮದಲ್ಲಿ, ಮುಖಕ್ಕೆ ಮುಖ ಕೊಟ್ಟು ಬಾಯಿಗೆ ಬಂದದ್ದನ್ನೆಲ್ಲ ಆಡಿ, ಇಳಿದು ತಂತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಜೇಡಗಳು ಹೊಸದಾಗಿ ಬೈಗುಳ ಕಲಿತು ಬಲೆ ನೇಯುವುದನ್ನೇ ಮರೆತವು.

ಹೀಗಿರುವಾಗ ತೆರಿಗೆ ಕಚೇರಿಯಿಂದ ಇಬ್ಬರಿಗೂ ಕರೆ ಬಂತು: ಅಧಿಕಾರಿ ಮನೆ ನೋಡಲು ಬರುತ್ತಾರೆ. ಕತ್ತರಿಯ ತಮ್ಮ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಸೀನು ಬಂದರೂ ಅನುಮತಿ ಕೇಳಿ ಸೀನುವಷ್ಟು ಹೆದರುಪುಕ್ಕಲ. ಅವನನ್ನು ಕರೆಸಿ ಕೂರಿಸಿಕೊಂಡಳು.

“ಅಕ್ಕ, ವಿಷಯ ಇಷ್ಟೇ,” ಎಂದ ಅವನು, ದನಿ ತಗ್ಗಿಸಿ. “ಬೇರೆಯಾದ ಹೆಂಡ್ತಿಗೆ ಕೊಡೋ ಜೀವನಾಂಶಾನ ಕೊಡೋನು ತನ್ನ ಆದಾಯದಲ್ಲಿ ಕಳೀಬಹುದು. ತಗೊಳ್ಳೋಳು ತನ್ನ ಆದಾಯಕ್ಕೆ ಸೇರಿಸಿ ತೆರಿಗೆ ಕಟ್ಟಬೇಕು. ಭಾವ ಮೂರು ವರ್ಷದಿಂದ ಕಳೀತಾ ಬಂದಿದಾರೆ. ನೀನು ಸೇರಿಸೇ ಇಲ್ಲ.”

“ಅವನು ಕೊಡೋದು ಆದಾಯಾನ? ಅದು ನಾನು ಪಟ್ಟ ಪಾಡಿನ ಬಾಕಿ ಕಣೋ.”

“ಸರ್ಕಾರಕ್ಕೆ ಪಾಡು ಗೊತ್ತಾಗಲ್ಲ ಅಕ್ಕ. ಅಷ್ಟೂ ವರ್ಷದ್ದು ಒಟ್ಟಿಗೆ ಕಟ್ಟಬೇಕಾಗತ್ತೆ.”

ಅವಳ ಕಣ್ಣು ಮೂಲೆಗೆ ಹೋಯಿತು. ಮೂಲೆಯಲ್ಲಿ ಖಾಲಿ ಜಾಗ. ಅಲ್ಲಿಗೆ ಕಾಜಾ ಹೊಲಿಯುವ ಯಂತ್ರ ಬರುವುದಿತ್ತು. ಅವಳು ಕೂಡಿಟ್ಟದ್ದೆಲ್ಲ ಅದಕ್ಕೆ. ಅದು ಬಂದರೆ ಆಸ್ಪತ್ರೆಯ ಕೋಟುಗಳೆಲ್ಲ ವರ್ಷವಿಡೀ ಅವಳದೇ; ಬರದಿದ್ದರೆ ಅವಳ ಕಣ್ಣುಗಳು ಇನ್ನೆರಡು ವರ್ಷಕ್ಕೆ ಗುಂಡಿತೂತು ನೋಡಿ ನೋಡಿ ತಾವೇ ತೂತಾಗುತ್ತಿದ್ದವು. ತೆರಿಗೆ ಕಟ್ಟಿದರೆ ಯಂತ್ರವಿಲ್ಲ.

“ತಪ್ಪಿಸೋಕೆ ದಾರಿ ಇಲ್ವಾ?”

“ಒಂದಿದೆ,” ಎಂದ ತಮ್ಮ, ಬಾಗಿಲ ಕಡೆ ನೋಡುತ್ತ, ಓಡಬೇಕಾಗಿ ಬಂದರೆ ಎಂಬಂತೆ. “ಗಂಡ ಹೆಂಡ್ತಿ ಒಂದೇ ಮನೇಲಿ ಇದ್ರೆ ಈ ನಿಯಮಾನೇ ಬರಲ್ಲ. ಆಗ ತೆರಿಗೆ ಭಾವನ ತಲೆಗೇ. ನೀನು ನಾವಿಬ್ಬರೂ ಒಂದೇ ಮನೇಲಿದೀವಿ ಅಂತ ತೋರಿಸಬೇಕು.”

ಮೂರು ವರ್ಷದಿಂದ ಊರಿಗೆಲ್ಲ ಆ ಗಂಡಸು ನನ್ನ ಪಾಲಿಗೆ ಇಲ್ಲ ಎಂದು ಡಂಗುರ ಸಾರಿದವಳು ಈಗ ಅವನ ಜೊತೆ ಇದ್ದೇನೆ ಎನ್ನಬೇಕು. ಅವಳ ಬಾಯಲ್ಲಿದ್ದ ಗುಂಡುಸೂಜಿ ಬಗ್ಗಿಹೋಯಿತು. ಆದರೂ ತಲೆಯೆತ್ತಿ ಸಂದಿಯನ್ನು ನೋಡಿದಳು. ಆ ಸಂದಿ ಇರುವವರೆಗೆ ಇದು ಎರಡು ಮನೆ ಎಂದು ಯಾವ ತಾಯಿಯ ಮಗ ಹೇಳುತ್ತಾನೆ?

ಸಂದಿಯಲ್ಲಿ ಆಗಲೇ ಮೇಸ್ತ್ರಿಯ ಮುಖವಿತ್ತು.

“ಎಲ್ಲಾ ಕೇಳಿಸ್ತು ಭಾಮೈದ,” ಎಂದ. “ಒಳ್ಳೇ ವಿದ್ಯೆ ಹೇಳ್ಕೊಟ್ಟೆ. ನಾಳೆ ಇದನ್ನ ಮುಚ್ತೀನಿ. ಆಮೇಲೆ ನಿಮ್ಮಕ್ಕ ಯಾವ ಮನೇಲಿದಾಳೆ ಅಂತ ಸರ್ಕಾರಾನೇ ನೋಡ್ಲಿ.”

ತಮ್ಮ ಹೊರಟುಹೋದದ್ದು ಯಾರಿಗೂ ಕಾಣಲಿಲ್ಲ. ಅವನ ಚಪ್ಪಲಿಯೂ ಅವನ ಹಿಂದೆ ತಾನಾಗಿಯೇ ಓಡಿತಂತೆ.

ಮರುದಿನ ಬೆಳಗ್ಗೆಯೇ ಗೋಡೆಯಾಚೆ ಗಾರೆ ಕಲಸುವ ಸದ್ದು. ಕತ್ತರಿ ಸ್ಟೂಲು ಹತ್ತಿ ಕಾದು ಕೂತಳು. ಅವಳ ಬಳಿ ಆಯುಧ ಒಂದೇ; ಅದು ಮೂರು ವರ್ಷ ಒಂದು ದಿನವೂ ಗುರಿ ತಪ್ಪಿರಲಿಲ್ಲ. ಚುಚ್ಚುಮಾತಿಗೆ ಉತ್ತರ ಕೊಡದೆ ಇರಲು ಮೇಸ್ತ್ರಿಗೆ ಆಗುತ್ತಿರಲಿಲ್ಲ.

ಅವನು ಮೊದಲ ಇಟ್ಟಿಗೆ ಎತ್ತಿದ.

“ನಿಮ್ಮಮ್ಮ ಸಾಯೋವಾಗ ಏನಂದ್ರು ಗೊತ್ತಾ?” ಎಂದಳು ಅವಳು.

ಇಟ್ಟಿಗೆ ಗಾಳಿಯಲ್ಲೇ ನಿಂತಿತು. “ಏನಂದ್ರು?”

“ಈ ಮನೇಲಿ ಗಂಡಸು ಅಂತ ಇದ್ರೆ ಅದು ನೀನೇ ಕಣಮ್ಮ ಅಂದ್ರು.”

“ನಮ್ಮಮ್ಮಂಗೆ ಆಗ ಜ್ವರ. ನರ್ಸನ್ನ ಡಾಕ್ಟರು ಅಂತಿದ್ಲು, ನಿನ್ನ ಮನುಷ್ಯಳು ಅಂತಿದ್ಲು.”

“ಜ್ವರ ಬಂದ್ರೆ ನಿಜ ಹೊರಗೆ ಬರತ್ತೆ. ನಿನಗೆ ಯಾವತ್ತೂ ಜ್ವರ ಬಂದಿಲ್ಲ ನೋಡು.”

ಅಷ್ಟೇ. ಅವನ ತಾಯಿಯಿಂದ ಅವಳ ಅಜ್ಜಿಗೆ, ಅಜ್ಜಿಯಿಂದ ಮದುವೆಯ ದಿನದ ಫೋಟೋಕ್ಕೆ, ಫೋಟೋದಿಂದ ಅವನ ಗೊರಕೆಗೆ ಜಗಳ ಹೋಯಿತು. ಮಧ್ಯಾಹ್ನವಾಗುವಾಗ ಬಾಂಡಲಿಯನ್ನು ತಲೆಕೆಳಗು ಮಾಡಿ ಬಡಿದರೆ ಗಾರೆ ಬಾಂಡಲಿಯದೇ ಆಕಾರದಲ್ಲಿ ಟೋಪಿಯಂತೆ ಕಳಚಿ ಬಿತ್ತು.

ಎರಡನೆಯ ದಿನ ಮೇಸ್ತ್ರಿ ಕಿವಿಗೆ ಹತ್ತಿ ತುರುಕಿಕೊಂಡು ಬಂದ. ಅವಳು ಅವನ ತಾಯಿಯನ್ನು ಅಂದಳು, ತಂದೆಯನ್ನು ಅಂದಳು. ಅವನು ನಸುನಗುತ್ತ ಗಾರೆ ಸವರಿದ. ಕಾಜಾ ಯಂತ್ರ ಬಾಗಿಲವರೆಗೆ ಬಂದು ಹಿಂದಕ್ಕೆ ನಡೆದುಹೋಗುವುದು ಅವಳ ಕಣ್ಣಿಗೆ ಕಟ್ಟಿತು. ಆಗ ಅವಳು ಬಾಯಿ ಮುಚ್ಚಿ, ಒಂದು ಕಣ್ಣು ಮುಚ್ಚಿ, ಗೋಡೆಯನ್ನು ಮೇಲಿಂದ ಕೆಳಕ್ಕೆ ನೋಡಿ, ಅಂಗೈಯನ್ನು ನಿಧಾನವಾಗಿ ಒಂದು ಬದಿಗೆ ವಾಲಿಸಿ ತೋರಿಸಿದಳು.

ಮೇಸ್ತ್ರಿ ಹತ್ತಿ ಕಿತ್ತ. “ಏನದು?”

“ಏನಿಲ್ಲ. ಗೋಡೆ ನನ್ನ ಕಡೆ ವಾಲಿದೆ.”

“ನನ್ನ ಗೋಡೆ?”

“ಒಂದು ಕೂದಲೆಳೆ ಅಷ್ಟೇ. ಬಿಡು, ವಯಸ್ಸಾಯ್ತು ನಿನಗೆ.”

ಏಣಿಯಿಂದ ಅವನು ಇಳಿಯಲಿಲ್ಲ, ಬಿದ್ದ ಎನ್ನಬೇಕು. ಆ ದಿನವಿಡೀ ತೂಗುಗುಂಡು ಇಳಿಬಿಟ್ಟು, ರಸಮಟ್ಟ ಒತ್ತಿ, ದಾರ ಎಳೆದು, ನೆಲಕ್ಕೆ ಕೆನ್ನೆ ಹಚ್ಚಿ ನೋಡಿದ. ಗೋಡೆ ಎಲ್ಲಿಯೂ ವಾಲಿರಲಿಲ್ಲ. ಆದರೆ ಅದು ಖಚಿತವಾಗುವ ಹೊತ್ತಿಗೆ ಗಾರೆ ಮತ್ತೊಮ್ಮೆ ಟೋಪಿಯಾಗಿತ್ತು.

ಮೂರನೆಯ ದಿನ ಅವನು ಇಟ್ಟಿಗೆಗಳನ್ನು ಸಂದಿಯ ಅಂಚಿಗೆ ಜೋಡಿಸಿ, ಹಸಿ ಗಾರೆಯ ಬಾಂಡಲಿಯನ್ನು ಪಕ್ಕದಲ್ಲೇ ಇಟ್ಟುಕೊಂಡು, ಕರಣೆ ಎತ್ತುವಷ್ಟರಲ್ಲಿ ಹೊರಗೆ ಬಾಗಿಲು ಬಡಿದ ಸದ್ದು. ಅಧಿಕಾರಿ ಬಂದಿದ್ದರು.

ಅವರು ನಡುವಯಸ್ಸಿನ ಹೆಂಗಸು. ಮುಖದಲ್ಲಿ ನಗುವಿಗೆಂದು ಜಾಗವನ್ನೇ ಬಿಟ್ಟಿರಲಿಲ್ಲ. ಮೊದಲು ಮೇಸ್ತ್ರಿಯ ಪಾಲಿನ ಮನೆ ನೋಡಿದರು: ಬೇರೆ ಬಾಗಿಲು, ಬೇರೆ ಒಲೆ, ಬೇರೆ ಮೀಟರು. ಮೇಸ್ತ್ರಿ ಗೋಡೆಯನ್ನು ಕೋಟೆಯನ್ನು ತೋರಿಸುವ ಅರಸನಂತೆ ತೋರಿಸಿದ. ಆಮೇಲೆ ಸುತ್ತು ಬಳಸಿ ಈ ಕಡೆ ಬಂದರು. ಕತ್ತರಿ ಅವರಿಗೆ ಕುರ್ಚಿ ಹಾಕಿದಳು. ಅವಳು ಮತ್ತೆ ಕರೆಸಿದ್ದರಿಂದ ಬಂದು, ಹೆದರಿ ಗೋಡೆಗಂಟಿ ನಿಂತಿದ್ದ ತಮ್ಮ ನೀರು ತಂದುಕೊಟ್ಟ.

“ಇಲ್ಲೂ ಎಲ್ಲಾ ಬೇರೇನೇ,” ಎಂದರು ಅಧಿಕಾರಿ, ಏಳುವವರಂತೆ.

ಈಗಲೇ, ಅಥವಾ ಇನ್ನೆಂದೂ ಇಲ್ಲ. ಕತ್ತರಿ ಮೂರು ವರ್ಷದ ತುಕ್ಕನ್ನು ಗಂಟಲಿನಿಂದ ಕೆರೆದು ತೆಗೆದು, ಜೇನು ಸವರಿದ ದನಿಯಲ್ಲಿ ಗೋಡೆಯ ಕಡೆ ಕೂಗಿದಳು.

“ರೀ, ಊಟ ಆಯ್ತಾ?”

ಗೋಡೆಯಾಚೆ ಏನೋ ಬಿದ್ದ ಸದ್ದು. ಆಮೇಲೆ ಏಣಿ ಕಿರುಗುಟ್ಟಿ ಸಂದಿಯಲ್ಲಿ ಮುಖ ಬಂತು.

“ಯಾರನ್ನ ಕರೀತಿದೀಯ?”

“ನಿಮ್ಮನ್ನೇ. ಬೆಳಗ್ಗಿಂದ ಹೊಟ್ಟೆಗೆ ಏನಾದ್ರೂ ಬಿತ್ತಾ ಅಂತ.”

“ಮೇಡಂ, ಇದು ನಾಟಕ. ಮೂರು ವರ್ಷದಲ್ಲಿ ಇವಳು ನನ್ನ ರೀ ಅಂದಿಲ್ಲ. ನಾಯಿಗೆ ಅಂದಾಳು, ನನಗಿಲ್ಲ.”

“ನಾಯಿ ಆದ್ರೆ ಬೈದಾಗ ಸುಮ್ಮನಿರತ್ತೆ,” ಎಂದಳು ಕತ್ತರಿ. ಜೇನು ಅಷ್ಟಕ್ಕೇ ಮುಗಿದಿತ್ತು.

“ನೋಡಿದ್ರಾ ಮೇಡಂ?”

“ನೀನು ತೋರಿಸ್ಕೊಂಡೇ ಹುಟ್ಟಿದೀಯ, ನೋಡದೆ ಏನು ಮಾಡ್ತಾರೆ?”

ಅಧಿಕಾರಿಯ ಕತ್ತು ಮೇಲಕ್ಕೂ ಕೆಳಕ್ಕೂ, ಅವನ ಕಡೆಗೂ ಇವಳ ಕಡೆಗೂ ಆಡಿತು. ಅದು ಉಳುಕುವ ಮೊದಲು ಕೈಯೆತ್ತಿದರು.

“ಈ ಸಂದಿಯಲ್ಲಿ ಹೀಗೆ ಮಾತು ಯಾವಾಗಲಾದರೂ ಒಮ್ಮೆ ನಡೆಯುತ್ತೋ, ದಿನಾ ನಡೆಯುತ್ತೋ?”

ಯಾವಾಗಲೋ ಒಮ್ಮೆ ಎಂದು ಅವನು ಅಂದಿದ್ದರೆ ಕಥೆ ಅಲ್ಲಿಗೇ ಮುಗಿದು ಕಾಜಾ ಯಂತ್ರ ಇನ್ನೊಬ್ಬಳ ಪಾಲಾಗುತ್ತಿತ್ತು. ಆದರೆ ಮೇಸ್ತ್ರಿಯ ಎದೆ ಕಮ್ಮಾರನ ತಿದಿಯಂತೆ ಉಬ್ಬಿತು.

“ದಿನಾ ಮೇಡಂ. ಸೊಂಟ ಹಿಡ್ಕೊಂಡಿದ್ರೂ ಏಣಿ ಹತ್ತಿದೀನಿ. ಅವಳ ಗಂಟಲು ಕಟ್ಟಿದ ದಿನ ನಾನೇ ಬಿಸಿನೀರು ದಾಟಿಸಿದೀನಿ, ಬೇಗ ಬಾಯಿ ಬರ್ಲಿ ಅಂತ. ಒಂದು ದಿನಾನೂ ತಪ್ಪಿಲ್ಲ, ಒಂದು ದಿನಾನೂ ಸೋತಿಲ್ಲ.”

“ಹಾಗಾದರೆ ಇವತ್ತಿನವರೆಗೆ ಇದು ಒಂದೇ ಮನೆ,” ಎಂದರು ಅಧಿಕಾರಿ. “ಬಿಸಿನೀರು ದಾಟಿಸುವವರು ಬೇರೆ ಇದ್ದಾರೆ ಅಂತ ನಾನು ಹೇಗೆ ಬರೆಯಲಿ? ನೀವು ಆದಾಯದಲ್ಲಿ ಕಳೆದದ್ದೆಲ್ಲ ವಾಪಸ್ ಸೇರಿಸಿ. ಆ ತೆರಿಗೆ ನಿಮ್ಮದು.”

ಕತ್ತರಿಯ ಪಾದ ನೆಲದಿಂದ ಒಂದು ಗೇಣು ಮೇಲೆದ್ದಿತು. ಮೂಲೆಯ ಖಾಲಿ ಜಾಗದಲ್ಲಿ ಯಂತ್ರ ಆಗಲೇ ಟಕಟಕ ಎನ್ನುತ್ತಿತ್ತು.

ಸಂದಿಯಲ್ಲಿ ಮೇಸ್ತ್ರಿಯ ಮುಖ ಸುಣ್ಣದಂತೆ ಬಿಳುಚಿ, ಸ್ವಲ್ಪ ಹೊತ್ತಿಗೆ ಇಟ್ಟಿಗೆಯಂತೆ ಕೆಂಪಾಯಿತು. ಆಮೇಲೆ ಅವನು ನಕ್ಕ. ಆ ನಗುವಿನಲ್ಲಿ ಒಳ್ಳೆಯದು ಒಂದು ಚಿಟಿಕೆಯೂ ಇರಲಿಲ್ಲ.

“ಆಯ್ತು ಮೇಡಂ, ಕಟ್ತೀನಿ. ಹಂಗಾದ್ರೆ ನಾನು, ಇವಳು ಬೇರೆ ಆಗೇ ಇಲ್ಲ. ನಾಳೆ ಬೆಳಗ್ಗೆ ಕೋರ್ಟಿಗೆ ಹೋಗ್ತೀನಿ. ಒಟ್ಟಿಗೆ ಇರೋ ಹೆಂಡ್ತಿಗೆ ಯಾವೋನು ಜೀವನಾಂಶ ಕೊಡ್ತಾನೆ? ಮುಂದಿನ ತಿಂಗಳಿಂದ ಒಂದು ಕಾಸೂ ಇಲ್ಲ. ಬೇಕಾದ್ರೆ ಈ ಕಡೆ ಬಂದು ಪಾತ್ರೆ ತೊಳೀಲಿ.”

ಕತ್ತರಿಯ ಪಾದ ನೆಲಕ್ಕೆ ಬಂತು. ತಮ್ಮನ ಕಡೆ ನೋಡಿದಳು.

“ಭಾವ ಹೇಳೋದು ಸರಿ ಅಕ್ಕ,” ಎಂದ ಅವನು, ತನ್ನ ಅಂಗಿಯ ಗುಂಡಿಗೆ ಹೇಳುವಂತೆ.

ಯಂತ್ರ ಬಂದು ಜೀವನಾಂಶ ನಿಂತರೆ ಯಂತ್ರಕ್ಕೆ ನೂಲು ಕೊಳ್ಳುವುದು ಯಾವುದರಲ್ಲಿ? ಅತ್ತ ದರಿ, ಇತ್ತ ಪುಲಿ. ನಡುವೆ ಪುಲಿಯಂಥ ಗಂಡ. ಅವಳು ಒಂದು ಗಳಿಗೆ ಸುಮ್ಮನೆ ನಿಂತಳು. ಅವಳು ಸುಮ್ಮನಿದ್ದದ್ದನ್ನು ಆ ಬೀದಿ ಕಂಡದ್ದು ಅದೇ ಮೊದಲು. ಹೊರಗೆ ಕಿವುಡಜ್ಜ ಏನೋ ಅನಾಹುತವಾಯಿತೆಂದು ಬಾಗಿಲಿಗೆ ಓಡಿಬಂದ.

“ಮೇಡಂ, ಸಂದಿ ಮುಚ್ಚಿದ್ರೆ?”

“ಮುಚ್ಚಿದ ಗಳಿಗೆಯಿಂದ ಎರಡು ಮನೆ. ನಾನೇ ಕಣ್ಣಾರೆ ನೋಡಿ ಬರೆದುಕೊಳ್ತೀನಿ. ಆದರೆ ಅಲ್ಲಿಂದ ಮುಂದೆ ಅವರು ಕೊಡೋದು ನಿಮ್ಮ ಆದಾಯ. ಆ ತೆರಿಗೆ ನಿಮ್ಮದು.”

“ಕೊಡೋದು ನಿಲ್ಲಲ್ವಲ್ಲ?”

“ಬೇರೆ ಇದ್ದೀರಲ್ಲ, ಯಾಕೆ ನಿಲ್ಲುತ್ತೆ?”

“ಹಿಂದಿನದು ಅವನ ತಲೆಗೆ?”

“ಅದು ಬರೆದಾಯ್ತು.”

“ಮುಂದಿನದು ನಾನು ಕಟ್ತೀನಿ,” ಎಂದಳು ಕತ್ತರಿ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. ಮೇಜು ಹತ್ತಿ, ಸ್ಟೂಲು ಹತ್ತಿ, ಅಳತೆಯ ಗಜಕಡ್ಡಿಯ ತುದಿಯನ್ನು ಬಾಂಡಲಿಯ ಕಿವಿಗೆ ತೂರಿಸಿ ಅದನ್ನು ತನ್ನ ಕಡೆ ಎಳೆದುಕೊಂಡಳು.

“ಏಯ್, ಅದು ನನ್ನ ಗಾರೆ,” ಎಂದ ಮೇಸ್ತ್ರಿ. ಮೂರು ದಿನ ಸಂದಿ ಮುಚ್ಚಲು ಬಡಿದಾಡಿದವನಿಗೆ ಈಗ ಅದು ತೆರೆದೇ ಇರಬೇಕಿತ್ತು. “ಮೇಡಂ, ಕಳ್ಳತನ ಇದು.”

“ಒಂದೇ ಮನೆ ಅಂತ ಈಗ ತಾನೇ ಬರೆದಿದೀನಿ. ಇನ್ನೂ ಮುಚ್ಚಿಲ್ಲವಲ್ಲ,” ಎಂದರು ಅಧಿಕಾರಿ. ಅವರ ಮುಖದಲ್ಲಿ ನಗುವಿಗೆ ಒಂದು ಸಣ್ಣ ಜಾಗ ಕಂಡಿತೆಂದು ತಮ್ಮ ಇವತ್ತಿಗೂ ಆಣೆ ಹಾಕುತ್ತಾನೆ.

ಗಾರೆ ಬಿಗಿಯುತ್ತಿತ್ತು. ಇಸ್ತ್ರಿಗೆ ಚಿಮುಕಿಸುವ ನೀರನ್ನು ಸುರಿದು ಸಡಿಲಿಸಿದಳು. ಗಜಕಡ್ಡಿಯಲ್ಲೇ ಬಾಚಿ ಬಳಿದು ಮೊದಲ ಇಟ್ಟಿಗೆ ಇಟ್ಟಳು. ಮೇಸ್ತ್ರಿ ಆಚೆಯಿಂದ ಕೈ ಅಡ್ಡ ಹಾಕಲು ನೋಡಿದ. ಇಟ್ಟಿಗೆಯ ಸ್ಥಿತಿ ಕಂಡು ಅವನ ಕೈ ಅಲ್ಲೇ ಮರಗಟ್ಟಿತು. ಅದು ಮೂಗು ಮೇಲೆ ಮಾಡಿಕೊಂಡು ಕೂತಿತ್ತು.

“ಸೊಟ್ಟ,” ಎಂದ ಅವನು.

ಅವಳು ಎರಡನೆಯದನ್ನು ಅಡ್ಡಡ್ಡ ಇಟ್ಟಳು. ಗಾರೆ ಅವನ ಕಡೆಯ ಹೊಸ ಸುಣ್ಣದ ಮೇಲೆ ಕಣ್ಣೀರಿನಂತೆ ಇಳಿಯಿತು.

“ಸೊಟ್ಟ ಕಣೇ. ಅದನ್ನ ತೆಗಿ. ಕೋರ್ಟು ಬೇಡ, ಏನೂ ಬೇಡ, ಕರಣೆ ಕೊಡ್ತೀನಿ ತಗೋ, ದಾರ ಹಿಡಿದು ಇಡು. ನನ್ನ ಗೋಡೆ ಕಣೇ ಅದು.”

“ನನ್ನ ಬಚ್ಚಲ ಬಾಗಿಲು ಎಷ್ಟು ಎತ್ತರ?”

“ಏನು?”

“ಎಷ್ಟು ಎತ್ತರ ಅಂದೆ.”

ಮೂರನೆಯದು, ನಾಲ್ಕನೆಯದು. ಈಗ ಒಂದೇ ಇಟ್ಟಿಗೆಯ ತೂತು. ಅದರಲ್ಲಿ ಒಂದು ಕಣ್ಣು, ಅರ್ಧ ಮೀಸೆ.

“ನೀನು ಹಾಳಾಗಿ ಹೋ...” ಎಂದು ಮೀಸೆ ಶುರುಮಾಡಿತು. ಅವಳು ಕೊನೆಯ ಇಟ್ಟಿಗೆಯನ್ನು ಆ ಮಾತಿನ ನಡುವೆಯೇ ತುರುಕಿ ಅಂಗೈಯಿಂದ ಗುದ್ದಿದಳು. ಉಳಿದರ್ಧ ಮಾತು ಆಚೆಯೇ ಉಳಿಯಿತು. ಗಂಡ ಹೆಂಡಿರ ಜಗಳದಲ್ಲಿ ಕೊನೆಯ ಮಾತನ್ನು ಇಟ್ಟಿಗೆ ಹಾಕಿ ಮುಚ್ಚಿದವರು ಲೋಕದಲ್ಲಿ ಅವಳೊಬ್ಬಳೇ.

ಅಧಿಕಾರಿ ಬರೆದುಕೊಂಡರು. ಬಾಗಿಲಲ್ಲಿ ತಿರುಗಿ, ದನಿ ಎತ್ತರಿಸಿ, ಗೋಡೆಯ ಆಚೆಗೂ ಕೇಳುವಂತೆ ಹೇಳಿದರು: “ಇನ್ನು ಆ ಜಾಗಕ್ಕೆ ಯಾರೇ ಕೈ ಹಚ್ಚಿ ಒಂದು ಇಟ್ಟಿಗೆ ಕಿತ್ತರೂ, ಮೇಲೆ ಗಾರೆ ಮೆತ್ತಿದರೂ ನಾನು ಮತ್ತೆ ಬಂದು ಎಲ್ಲಾ ಮೊದಲಿಂದ ನೋಡಬೇಕಾಗುತ್ತೆ.”

ಕಾಜಾ ಯಂತ್ರ ಬಂತು. ಮೇಸ್ತ್ರಿ ಹಿಂದಿನ ವರ್ಷಗಳ ತೆರಿಗೆಯನ್ನು ಹಲ್ಲು ಕಡಿದುಕೊಂಡು ಕಟ್ಟಿದ. ಆ ಸದ್ದು ಗೋಡೆ ದಾಟಿ ಬಂದು ಇವಳಿಗೆ ನಿದ್ದೆ ಬರಿಸಿತು. ಮುಂದಿನದನ್ನು ಇವಳು ಬೈದುಕೊಂಡೇ ಕಟ್ಟಿದಳು, ಆದರೆ ಕಟ್ಟಿದಳು. ಬೈಗುಳಗಳು ಮಾತ್ರ ಹೊರಗೆ ಹೋಗಲು ದಾರಿಯಿಲ್ಲದೆ ಮನೆಯೊಳಗೇ ರಾಶಿ ಬಿದ್ದವು. ಒಳ್ಳೊಳ್ಳೆಯವು ಈಗಲೇ ಹೊಳೆಯುತ್ತಿದ್ದವು. ಒಂದೆರಡು ಸಲ ಅವಳು ಮರೆತು ಸ್ಟೂಲು ಹತ್ತಿ, ಸೊಟ್ಟ ಇಟ್ಟಿಗೆಗಳ ಮುಂದೆ ಬಾಯಿ ತೆರೆದು, ಮುಚ್ಚಿ, ಇಳಿದದ್ದೂ ಉಂಟು.

ಒಂದು ದಿನ ಬಣ್ಣ ಬಳಿಯುವವನೊಬ್ಬ ಬಂದು ಪರದೆ ಹೊಲಿಯಬೇಕು ಎಂದ. ಯಾರಿಗೆ ಎಂದರೆ, ಯಾರೋ ಪರಿಚಯದವರಿಗೆ ಎಂದ.

“ಕಿಟಕಿಗಾ, ಬಾಗಿಲಿಗಾ?”

“ಎರಡಕ್ಕೂ ಅಲ್ಲ ಅಕ್ಕ. ಬರೀ ಗೋಡೆಗೆ. ಚಾವಣಿ ಹತ್ತಿರ, ಇಷ್ಟೇ ಅಗಲ,” ಎಂದು ಕೈಯಗಲಿಸಿ ತೋರಿಸಿದ. “ಅವರು ಮನೆಗೆ ಯಾರನ್ನೂ ಕರೀತಿಲ್ವಂತೆ. ಮಲಗಿದ್ರೆ ಅದೇ ಕಾಣತ್ತಂತೆ, ನಿದ್ದೆ ಇಲ್ವಂತೆ ಪಾಪ.”

ಕತ್ತರಿ ಟೇಪು ಹಿಡಿದು ಅವನ ಕೈಯಗಲವನ್ನು ಅಳೆದಳು. ಅಳೆಯಬೇಕಾಗಿರಲಿಲ್ಲ, ನಾಲ್ಕೈದು ಸೊಟ್ಟ ಇಟ್ಟಿಗೆಯ ಅಗಲ ಅವಳಿಗೆ ಬಾಯಿಪಾಠ. ಎಲ್ಲರಿಗಿಂತ ಎರಡರಷ್ಟು ಕೂಲಿ ಕೇಳಿದಳು. ಮರುಮಾತಿಲ್ಲದೆ ಕೊಟ್ಟ.

ಒಳ್ಳೆಯ ಬಟ್ಟೆ ಆರಿಸಿ, ನೇರ ಅಂಚು ಹಾಕಿ, ಬಿಗಿ ಹೊಲಿಗೆ ಹಾಕಿ ಹೊಲಿದಳು. ತಪ್ಪು ಹುಡುಕಿದರೆ ಒಂದೂ ಸಿಗದು. ಅಗಲ ಮಾತ್ರ ಮೂರು ಬೆರಳು ಕಡಿಮೆ. ಮೂಗು ಮೇಲೆ ಮಾಡಿಕೊಂಡು ಕೂತ ಆ ಮೊದಲನೆಯ ಇಟ್ಟಿಗೆ, ಎಷ್ಟು ಎಳೆದರೂ, ಹೊರಗೆ ಇಣುಕುವಷ್ಟು.